ಪ್ರಶ್ನೆಗೂ ಪರೀಕ್ಷೆ ಬೇಡವೇ?

ಪರೀಕ್ಷೆಯೆಂದೊಡನೆ ನಮ್ಮ ದೃಷ್ಟಿಯೆಲ್ಲ ವಿದ್ಯಾರ್ಥಿಯ ಕಡೆಗೇ ಹರಿಯುತ್ತದೆ. ಅವನು ಓದಿದನೇ, ಎಷ್ಟು ಅಂಕ ಗಳಿಸಿದನು ಎಂಬಷ್ಟಕ್ಕೇ ವಿಚಾರಣೆ ಮುಗಿಯಿತು. ಅವನನ್ನು ಅಳೆದ ಪ್ರಶ್ನೆ ನೆಟ್ಟಗಿತ್ತೇ ಎಂದು ಕೇಳುವವರು ವಿರಳ. ಅಕ್ಕಿ ಅಳೆಯುವ ಸೇರಿನ ತಳ ತಗ್ಗಿದೆಯೇ ಎಂದು ಮುಟ್ಟಿ ನೋಡುವ ಗೃಹಿಣಿಯ ಎಚ್ಚರ ನಮ್ಮ ಭಾಷಾಪರೀಕ್ಷೆಗಳಲ್ಲಿ ಕಾಣಬರುವುದು ಅಪರೂಪ.

ಈ ಸಂದೇಹ ಹೊಸದೇನೂ ಅಲ್ಲ. ಪರೀಕ್ಷೆಯ ಅಂಕಗಳಲ್ಲಿ ಆಕಸ್ಮಿಕದ ಪಾಲೆಷ್ಟೆಂದು ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞನು ಇಂಗ್ಲೆಂಡಿನಲ್ಲಿ ೧೮೮೮ರಲ್ಲಿಯೇ ಲೆಕ್ಕ ಹಾಕಿದ್ದನು. ೧೯೧೨ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ಇಂಗ್ಲಿಷಿನ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಶಾಲೆಗಳ ಉಪಾಧ್ಯಾಯರಿಗೆ ಕಳುಹಿಸಿದರು. ನೂರಕ್ಕೆ ಕೊಟ್ಟ ಅಂಕಗಳಲ್ಲಿ ಮೂವತ್ತಕ್ಕೂ ಮಿಕ್ಕ ಅಂತರ ಕಂಡುಬಂದಿತು! ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ಬಳಕೆಗೆ ಬರಲು ಇಂಥ ಏರುಪೇರೂ ಒಂದು ಕಾರಣ. ಆದರೆ ಅಲ್ಲಿ ದೋಷ ಅಳಿಯಲಿಲ್ಲ. ಉತ್ತರ ತಿದ್ದುವವರಿಂದ ಪ್ರಶ್ನೆ ಬರೆಯುವವರಿಗೆ ವರ್ಗವಾಯಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ‘ವನಜ’ ಎಂದರೇನು? ಕಾಡಿನಲ್ಲಿ ಹುಟ್ಟಿದುದು, ತಾವರೆ, ಮಳೆ, ಹಕ್ಕಿ. ಪ್ರಶ್ನೆ ಬರೆದವರು ಮೊದಲನೆಯದೇ ಸರಿಯೆಂದು ಬರೆದಿಟ್ಟಿದ್ದಾರೆ. ‘ವನ’ ಶಬ್ದಕ್ಕೆ ನೀರೆಂಬ ಅರ್ಥವೂ ಉಂಟು; ಹಳೆಯ ಕಾವ್ಯವನ್ನು ಓದಿದ ಹುಡುಗಿ ತಾವರೆಯನ್ನೇ ಆರಿಸುತ್ತಾಳೆ, ಅಂಕ ಕಳೆದುಕೊಳ್ಳುತ್ತಾಳೆ. ನೂರು ಮಂದಿಯಲ್ಲಿ ಒಟ್ಟು ಅಂಕದಲ್ಲಿ ಮೇಲಿನ ೨೭ ಮಂದಿಯನ್ನೂ ಕೆಳಗಿನ ೨೭ ಮಂದಿಯನ್ನೂ ಬೇರ್ಪಡಿಸಿ ನೋಡುವುದು ಸಂಖ್ಯಾಶಾಸ್ತ್ರಜ್ಞರ ರೂಢಿ. ಮೇಲಿನವರಲ್ಲಿ ೬ ಮಂದಿ, ಕೆಳಗಿನವರಲ್ಲಿ ೧೫ ಮಂದಿ ‘ಸರಿ’ಯುತ್ತರ ಕೊಟ್ಟರೆಂದಿಟ್ಟುಕೊಳ್ಳಿ. ವ್ಯತ್ಯಾಸವನ್ನು ೨೭ರಿಂದ ಭಾಗಿಸಿದರೆ −೦.೩೩. ಬಲ್ಲವರು ಎಡವಿದರು, ಅರಿಯದವರು ಗೆದ್ದರು ಎಂಬುದು ಈ ಋಣಚಿಹ್ನೆಯ ಅರ್ಥ. ಪ್ರಶ್ನೆಯಲ್ಲಿ ಏನೋ ಕೆಟ್ಟಿದೆಯೆಂದು ಅಂಕಿ ಕೂಗಿ ಹೇಳುತ್ತದೆ. ಕೆಟ್ಟಿರುವುದೇನೆಂದು ಹೇಳಬೇಕಾದವರು ‘ವನಧಿ’ಯೆಂದರೆ ಸಮುದ್ರವೆಂದು ಬಲ್ಲ ಭಾಷಾಜ್ಞರು. ಇವರಿಬ್ಬರೂ ಒಂದೇ ಮೇಜಿನ ಬಳಿ ಕೂಡಬೇಕೆಂಬುದೇ ನನ್ನ ವಾದ.

ಹಾಗೆಂದು ಅಂಕಿಗೇ ಪಟ್ಟ ಕಟ್ಟಲಾಗದು. ಎಲ್ಲರೂ ಸರಿಯಾಗಿ ಉತ್ತರಿಸಿದ ಪ್ರಶ್ನೆ ತಾರತಮ್ಯ ತೋರದೆಂದು ಲೆಕ್ಕ ಅದನ್ನು ತಳ್ಳಿಹಾಕುತ್ತದೆ. ಅದು ಉಪಾಧ್ಯಾಯರು ಚೆನ್ನಾಗಿ ಕಲಿಸಿದುದರ ಫಲವೂ ಇರಬಹುದು. ಕ್ರಾನ್‌ಬಾಕ್ ಎಂಬ ವಿದ್ವಾಂಸನು ೧೯೫೧ರಲ್ಲಿ ಪ್ರಚುರಪಡಿಸಿದ ಆಲ್ಫಾ ಎಂಬ ಗುಣಾಂಕವಂತೂ ಒಂದೇ ಬಗೆಯ ಪ್ರಶ್ನೆಗಳನ್ನು ಪೇರಿಸಿದಷ್ಟೂ ಏರುತ್ತದೆ. ಐವತ್ತು ಸಂಧಿಗಳನ್ನು ಬಿಡಿಸಿ ಹೇಳುವವನು ಊರಿನ ಕೆರೆಯ ಬಗ್ಗೆ ಹತ್ತು ಸಾಲು ಬರೆಯಬಲ್ಲನೇ? ಅಳೆಯಲು ಕಷ್ಟವೆಂಬ ನೆಪದಲ್ಲಿ ಪ್ರಬಂಧವನ್ನೇ ಕೈಬಿಡುವ ಪ್ರಲೋಭನೆ ಇಲ್ಲಿದೆ. ನಾನು ಅಂಜುವುದು ಅದಕ್ಕೆ. ಪ್ರಬಂಧವನ್ನು ಇಬ್ಬರು ಬೇರೆಬೇರೆಯಾಗಿ ತಿದ್ದಲಿ, ಅಂತರ ಹೆಚ್ಚಾದರೆ ಮೂರನೆಯವರು ನೋಡಲಿ.

ತಪ್ಪು ಪ್ರಶ್ನೆ ಪತ್ತೆಯಾದಾಗ ಎಲ್ಲರಿಗೂ ಒಂದೊಂದು ಅಂಕ ಹಂಚಿ ಕೈತೊಳೆದುಕೊಳ್ಳುವ ಪದ್ಧತಿಯೊಂದಿದೆ. ತಾವರೆಯೆಂದು ಬರೆದವಳಿಗೂ ಹಕ್ಕಿಯೆಂದು ಬರೆದವನಿಗೂ ಅಲ್ಲಿ ಭೇದವಿಲ್ಲ. ಯಂತ್ರವೇ ಉತ್ತರಗಳನ್ನು ಓದುವ ಈ ದಿನಗಳಲ್ಲಿ ಪ್ರತಿ ಪ್ರಶ್ನೆಯ ಲೆಕ್ಕ ತೆಗೆಯುವುದು ಒಂದು ದಿನದ ಕೆಲಸವೂ ಅಲ್ಲ. ಫಲಿತಾಂಶವನ್ನು ಪ್ರಕಟಿಸುವ ಮುನ್ನ ಆ ಪಟ್ಟಿಯನ್ನು ಪ್ರಶ್ನೆ ಬರೆದವರ ಮುಂದಿಟ್ಟು ವಿವರಣೆ ಕೇಳಲು ಅಡ್ಡಿಯೇನು?