ಹೊಗಳಿಕೆ ಸಾಕು, ತಿಂಗಳಿಗೆ ಸರಿಯಾಗಿ ವೇತನ ಕೊಡಿ

ಆಫೀಸಿನ ಮಾನಿಟರ್‌ಗೂ ಬೆಂಗಳೂರಿನ ಸದಾಶಿವನಗರಕ್ಕೂ ಒಂದು ನಂಟಿದೆ ಎಂದರೆ ನಮ್ಮಲ್ಲಿ ಹೆಚ್ಚಿನವರು ನಂಬಲಿಕ್ಕಿಲ್ಲ. 1977ರಲ್ಲಿ ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರು ‘ಪ್ರಮಾಣ’ ಎಂಬ ನಮ್ಮದೇ ದೇಶದ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ದ್ರವದಂತೆ ಹರಿದರೂ ಸ್ಫಟಿಕದ ಶಿಸ್ತನ್ನು ಅಷ್ಟಿಷ್ಟು ಉಳಿಸಿಕೊಳ್ಳುವ ‘ದ್ರವ ಸ್ಫಟಿಕ’ಗಳು 1888ರಿಂದಲೇ ಗೊತ್ತಿದ್ದವು. ಆದರೆ ಅವು ಕಡ್ಡಿಯಾಕಾರದ ಅಣುಗಳಿಂದ ಮಾತ್ರ ಆಗುತ್ತವೆ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. ಬಿಲ್ಲೆಯಾಕಾರದ ಅಣುಗಳೂ ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ನಿಂತು ದ್ರವ ಸ್ಫಟಿಕವಾಗಬಲ್ಲವು ಎಂದು ಈ ಮೂವರು ತೋರಿಸಿದರು. 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳಿಂದ ತೆಳು ಫಿಲ್ಮ್ ಮಾಡಿ ಮಾರುಕಟ್ಟೆಗೆ ತಂದಿತು. ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಾಸದಂತೆ ಮಾಡಲು ನೆರವಾದದ್ದು ಆ ಫಿಲ್ಮು.

ಶೋಧ ಬೆಂಗಳೂರಿನದು, ಸರಕು ಜಪಾನಿನದು. ಇದನ್ನು ಹೇಳಿ ಹಲುಬುವುದು ಸುಲಭ. ನನ್ನ ಮಾತು ಅದಲ್ಲ. ಚಂದ್ರಶೇಖರ್ ಅವರು ರಾಮನ್ ಸಂಸ್ಥೆಗೆ ಬರುವ ಮುನ್ನ, 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಕಟ್ಟಿದವರು. ಅಲ್ಲಿದ್ದಾಗಲೇ ಅವರು ದ್ರವ ಸ್ಫಟಿಕದ ಸಂಶೋಧನೆಗೆ ಕೈಹಾಕಿದ್ದರು. ಆಗ ಯಾರಾದರೂ ‘ಇದರಿಂದ ಏನು ಪ್ರಯೋಜನ, ಮೂರು ತಿಂಗಳಲ್ಲಿ ಹೇಳಿ’ ಎಂದು ಕೇಳಿದ್ದರೆ ಅವರ ಬಳಿ ಉತ್ತರ ಇರುತ್ತಿರಲಿಲ್ಲ. ಸಂಶೋಧನೆಗೆ ನಾವು ಕೊಡದೇ ಇರುವುದು ಮುಖ್ಯವಾಗಿ ಈ ಕಾಲಾವಕಾಶವನ್ನು. ಅದನ್ನು ಕೊಡುವ ಮೊದಲ ಹೆಜ್ಜೆ ಬಹಳ ಸರಳ: ಸಂಶೋಧಕರಿಗೆ ತಿಂಗಳಿಗೆ ಸರಿಯಾಗಿ ವೇತನ ಕೊಡುವುದು.

ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವ ನಾನು ಇದನ್ನು ಬರೆಯಲು ಕಾರಣ ನಾನಿರುವ ಊರು. ತ್ರಿಪ್ಪುಣಿತ್ತುರ ಕೊಚ್ಚಿ ಮೆಟ್ರೊದ ಕೊನೆಯ ನಿಲ್ದಾಣ. ಅಲ್ಲಿ ಹತ್ತಿ ಆಲುವಾ ಕಡೆಗೆ ಹೋದರೆ ದಾರಿಯಲ್ಲಿ ಕಳಮಶ್ಶೇರಿ ಸಿಗುತ್ತದೆ. ಅಲ್ಲಿನ ಮೇಕರ್ ವಿಲೇಜ್‌ನಲ್ಲಿ ಗ್ರಾಫೀನ್‌ಗೆಂದೇ ಒಂದು ನಾವೀನ್ಯ ಕೇಂದ್ರವಿದೆ. ಕೇರಳ ಡಿಜಿಟಲ್ ವಿಶ್ವವಿದ್ಯಾಲಯ, ತ್ರಿಶ್ಶೂರಿನ ಸಿ-ಮೆಟ್ ಸಂಸ್ಥೆ ಮತ್ತು ಟಾಟಾ ಸ್ಟೀಲ್ ಸೇರಿ ರೂಪಿಸಿದ, ಸುಮಾರು 86 ಕೋಟಿ ರೂಪಾಯಿಯ ಯೋಜನೆ ಅದು. ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವೆ ಒಂದು ಸೇತುವೆ ಬೇಕು ಎಂಬುದನ್ನು ಇಲ್ಲಿ ಗುರುತಿಸಿದ್ದಾರೆ. 1977ರ ಬೆಂಗಳೂರಿಗೆ ಇಲ್ಲದೇ ಹೋದದ್ದು ಇಂಥ ಸೇತುವೆಯೇ.

ಗ್ರಾಫೀನ್ ಎಂದರೆ ಇಂಗಾಲದ ಒಂದೇ ಒಂದು ಪದರ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಒಂದು ರೀತಿಯಲ್ಲಿ ನಮ್ಮ ಚಿರೋಟಿ ಇದ್ದಂತೆ, ಪದರದ ಮೇಲೆ ಪದರ. ಎರಡು ಪದರಗಳ ನಡುವಿನ ಅಂತರ 0.335 ನ್ಯಾನೊಮೀಟರ್. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಪದರ! 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಬರೀ ಅಂಟುಪಟ್ಟಿಯಿಂದ ಅದರ ಒಂದು ಪದರವನ್ನು ಬಿಡಿಸಿ ಅಳೆದರು; 2010ರಲ್ಲಿ ನೊಬೆಲ್ ಬಂತು. ಆಮೇಲೆ ಪ್ರಶ್ನೆ ಬದಲಾಯಿತು. ಒಂದು ಪದರ ಏನು ಮಾಡುತ್ತದೆ ಎನ್ನುವುದಕ್ಕಿಂತ, ಎರಡು ಪದರ ಒಂದರ ಮೇಲೊಂದು ಹೇಗೆ ಕೂರುತ್ತವೆ ಎನ್ನುವುದೇ ಮುಖ್ಯವಾಯಿತು.

ಎರಡು ಸೊಳ್ಳೆ ಪರದೆಗಳನ್ನು ಒಂದರ ಮೇಲೊಂದಿಟ್ಟು ಕೊಂಚ ತಿರುಗಿಸಿ ನೋಡಿ. ಎರಡರಲ್ಲೂ ಇಲ್ಲದ ದೊಡ್ಡ ದೊಡ್ಡ ಚಿತ್ತಾರ ಮೂಡುತ್ತದೆ. 2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪಾಬ್ಲೊ ಹರಿಯೊ-ಎರೆರೊ ಅವರ ತಂಡ ಎರಡು ಗ್ರಾಫೀನ್ ಪದರಗಳನ್ನು ಸುಮಾರು 1.1 ಡಿಗ್ರಿ ತಿರುಗಿಸಿ ಕೂರಿಸಿತು. ಅತಿ ಶೀತದಲ್ಲಿ, ಸುಮಾರು 1.7 ಕೆಲ್ವಿನ್‌ನಲ್ಲಿ, ಅದು ತಡೆಯೇ ಇಲ್ಲದೆ ವಿದ್ಯುತ್ ಹರಿಸಿತು. ವಸ್ತು ಅದೇ, ಅಣು ಅದೇ. ಬದಲಾದದ್ದು ಕೋನ ಮಾತ್ರ. 2025ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಅತಿ ಶುದ್ಧ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನುಗಳು ದ್ರವದಂತೆ ಒಟ್ಟಾಗಿ ಹರಿಯುವುದನ್ನು ಕಂಡಿತು. ವಿದ್ಯುತ್ತೂ ಶಾಖವೂ ಜೊತೆಜೊತೆಗೆ ಹರಿಯಬೇಕೆಂಬ ಲೋಹಗಳ ಹಳೆಯ ನಿಯಮ ಅಲ್ಲಿ 200 ಪಟ್ಟಿಗೂ ಹೆಚ್ಚು ತಪ್ಪಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಇಂಥ ಪ್ರಯೋಗಗಳಲ್ಲಿ ಗ್ರಾಫೀನನ್ನು ಬೋರಾನ್ ನೈಟ್ರೈಡ್ ಎಂಬ ಇನ್ನೊಂದು ಪದರ ವಸ್ತುವಿನ ನಡುವೆ ಇಡುತ್ತಾರೆ. ಜಗತ್ತಿನ ಬಹುಪಾಲು ಪ್ರಯೋಗಾಲಯಗಳಿಗೆ ಅದರ ಉತ್ತಮ ಹರಳುಗಳು ಹೋಗುವುದು ಜಪಾನಿನ ತ್ಸುಕುಬಾದಿಂದ. ಕೆಂಜಿ ವತನಾಬೆ ಮತ್ತು ತಕಾಶಿ ತನಿಗುಚಿ ಎಂಬ ಇಬ್ಬರು ಅಲ್ಲಿ ವರ್ಷಾನುಗಟ್ಟಲೆ ಭಾರಿ ಒತ್ತಡದ ಯಂತ್ರದಲ್ಲಿ ಈ ಹರಳು ಬೆಳೆಸಿ ಹಂಚುತ್ತಾ ಬಂದಿದ್ದಾರೆ. ದಿನಪತ್ರಿಕೆಯ ಮುಖಪುಟಕ್ಕೆ ಬರುವ ಕೆಲಸವಲ್ಲ. ಆದರೆ ಅವರಿಬ್ಬರನ್ನು ‘ಈ ವರ್ಷದ ಸಾಧನೆ ಏನು’ ಎಂದು ಕೇಳಿ ಮನೆಗೆ ಕಳಿಸಿದ್ದರೆ, ಬೋಸ್ಟನ್ನಿನಿಂದ ಬೆಂಗಳೂರಿನವರೆಗೆ ಎಷ್ಟೋ ಪ್ರಯೋಗ ನಿಂತುಹೋಗುತ್ತಿತ್ತು.

ಪದರದ ಭೌತವಿಜ್ಞಾನಕ್ಕೂ ಜೀವಕೋಶಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಪ್ರತಿ ಜೀವಕೋಶದ ಹೊರಪೊರೆಯೇ ಒಂದು ಪದರ ವಸ್ತು. ಕೊಬ್ಬಿನ ಅಣುಗಳ ಎರಡು ಸಾಲು, ಒಟ್ಟು ದಪ್ಪ ಸುಮಾರು 5 ನ್ಯಾನೊಮೀಟರ್. ಅದೂ ಒಂದು ಬಗೆಯ ದ್ರವ ಸ್ಫಟಿಕವೇ. ಆದರೆ ಕಲ್ಲಿನಂತೆ ಸುಮ್ಮನೆ ಕೂರುವ ಪದರವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಭೌತವಿಜ್ಞಾನಿ ಮದನ್ ರಾವ್ ಅವರ ತಂಡಗಳು 2012ರಲ್ಲಿ ಪ್ರಕಟಿಸಿದ ಕೆಲಸ ಇದನ್ನೇ ಹೇಳುತ್ತದೆ. ಪೊರೆಯ ಕೆಳಗಿರುವ ಆಕ್ಟಿನ್ ಎಂಬ ಎಳೆಗಳು ಶಕ್ತಿ ವ್ಯಯಿಸಿ ಎಳೆದಾಡುತ್ತಾ ಮೇಲಿನ ಅಣುಗಳನ್ನು ಗುಂಪುಗೂಡಿಸುತ್ತವೆ. ಜೀವವಿಜ್ಞಾನಿಗೆ ಕಂಡ ಗುಂಪಿನ ಲೆಕ್ಕ ಬಿಡಿಸಲು ಭೌತವಿಜ್ಞಾನಿ ಬೇಕಾಯಿತು.

ಕೋಶ ತನ್ನ ಕೆಳಗಿನ ನೆಲವನ್ನೂ ಮುಟ್ಟಿ ನೋಡುತ್ತದೆ. 2006ರಲ್ಲಿ ಪೆನ್ಸಿಲ್ವೇನಿಯಾದ ಡೆನಿಸ್ ಡಿಶರ್ ಅವರ ತಂಡ ಮೂಳೆ ಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಗಡಸುತನದ ಜೆಲ್ ಮೇಲೆ ಬೆಳೆಸಿತು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲಿನವು ನರಕೋಶದ ಕಡೆಗೆ, ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲಿನವು ಸ್ನಾಯುವಿನ ಕಡೆಗೆ, ಇನ್ನೂ ಗಟ್ಟಿಯಾದದ್ದರ ಮೇಲಿನವು ಮೂಳೆಯ ಕಡೆಗೆ ವಾಲಿದವು. ಕೊಟ್ಟ ಪೋಷಕ ದ್ರಾವಣ ಎಲ್ಲಕ್ಕೂ ಒಂದೇ. ವಂಶವಾಹಿಯೇ ಎಲ್ಲವನ್ನೂ ಬರೆದಿಟ್ಟಿದೆ ಎಂದು ಓದಿಕೊಂಡು ಬಂದ ನಮಗೆ ಇದು ಹೊಸ ಪಾಠ. ಇದ್ದ ನೆಲವೂ ಕೋಶದ ದಾರಿಯನ್ನು ತಿರುಗಿಸುತ್ತದೆ.

ಕೋಶ ಮತ್ತು ವಸ್ತು ಮುಖಾಮುಖಿಯಾದಾಗ ಪ್ರಾಣದ ಪ್ರಶ್ನೆಯೇ ಏಳುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ತಿರುವನಂತಪುರದಲ್ಲೇ ಇದೆ. ಕೃತಕ ಹೃದಯ ಕವಾಟ ದೇಹದೊಳಗೆ ಹೋದರೆ ರಕ್ತದ ಕಣಗಳು ಅದನ್ನು ಪರಕೀಯ ಎಂದು ಗುರುತಿಸಿ ಹೆಪ್ಪುಗಟ್ಟತೊಡಗುತ್ತವೆ. ವಿದೇಶದ ಹಲವು ಕವಾಟಗಳಲ್ಲಿ ಬಳಸುವುದು ಪೈರೊಲಿಟಿಕ್ ಕಾರ್ಬನ್. ಅದು ಗ್ರಾಫೈಟಿನ ಹತ್ತಿರದ ನೆಂಟ, ಪದರಗಳು ಅಡ್ಡಾದಿಡ್ಡಿ ಕೂತ ಇಂಗಾಲ. ಆ ಕವಾಟಗಳ ಬೆಲೆ ನಮ್ಮ ರೋಗಿಗಳಿಗೆ ಎಟುಕದಿದ್ದ ಕಾಲದಲ್ಲಿ ಶ್ರೀ ಚಿತ್ರಾ ಸಂಸ್ಥೆಯ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಎಂಜಿನಿಯರುಗಳು ಪೂಜಪ್ಪುರದ ಸಾಟೆಲ್‌ಮಂಡ್ ಅರಮನೆಯಲ್ಲಿ ಸ್ವಂತ ಕವಾಟಕ್ಕೆ ಕೈಹಾಕಿದರು. ಮೊದಲ ಮೂರು ಮಾದರಿಗಳು ಸೋತವು. ಲೋಹದ ಚೌಕಟ್ಟಿನಲ್ಲಿ ವಿಶೇಷ ಪ್ಲಾಸ್ಟಿಕ್ಕಿನ ಬಿಲ್ಲೆ ಇದ್ದ ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಇಂದು ಒಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಅದು ಮಿಡಿದಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದರು. 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ನನ್ನ ಕಂಪನಿಯಲ್ಲಿ ಎರಡು ವಾರಕ್ಕೊಂದು ರಿಲೀಸ್. ಮೂರು ಸಲ ಸತತವಾಗಿ ಬಿದ್ದ ಯೋಜನೆಯನ್ನು ನಾಲ್ಕನೆಯ ಸಲ ಮುಂದುವರಿಸಲು ಯಾವ ಮ್ಯಾನೇಜರೂ ಒಪ್ಪುವುದಿಲ್ಲ. ಸಾಫ್ಟ್‌ವೇರ್‌ಗೆ ಅದೇ ಸರಿ. ಬಿದ್ದದ್ದನ್ನು ಸಂಜೆಯೊಳಗೆ ಹಿಂದಕ್ಕೆ ತೆಗೆಯಬಹುದು. ಎದೆಯೊಳಗಿನ ಕವಾಟವನ್ನು ಹಾಗೆ ಹಿಂದಕ್ಕೆ ತೆಗೆಯಲಾಗದು. ಹಾಗಾಗಿ ಸೋಲೆಲ್ಲ ಮೊದಲೇ, ಪ್ರಯೋಗಾಲಯದಲ್ಲೇ ಆಗಿ ಮುಗಿಯಬೇಕು. ಆ ಸೋಲುಗಳ ಖರ್ಚನ್ನು ಯಾರಾದರೂ ಹೊರಬೇಕು. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಆಂತರಿಕ ಉತ್ಪನ್ನದ ಶೇ 0.64ರಷ್ಟು. ದಕ್ಷಿಣ ಕೊರಿಯಾದಲ್ಲಿ ಇದು ಶೇ 4.5ಕ್ಕೂ ಹೆಚ್ಚು.

ಈ ಅಂಕಿ ಮನೆಯೊಳಗೆ ಬಂದಾಗ ಬೇರೆಯೇ ರೂಪ ತಾಳುತ್ತದೆ. ದಾವಣಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಎಂ.ಎಸ್ಸಿ. ಮುಗಿದು ಪಿಎಚ್‌.ಡಿ.ಗೆ ಸೀಟು ಸಿಕ್ಕಿದೆ, ಜೀವಕೋಶದ ಚಲನೆಯ ಮೇಲೆ. ಜೊತೆಗೇ ಬೆಂಗಳೂರಿನ ಕಂಪನಿಯೊಂದರ ಕೆಲಸವೂ ಕೈಯಲ್ಲಿದೆ. ‘ನೀನೇ ಒಂದು ಮಾತು ಹೇಳಪ್ಪ, ನೀನು ಹೇಳಿದ್ರೆ ಕೇಳ್ತಾಳೆ’ ಎಂದು ಚಿಕ್ಕಪ್ಪ ಫೋನ್ ಮಾಡಿದ್ದರು. ಅವರು ವಿಜ್ಞಾನದ ವಿರೋಧಿಯಲ್ಲ. ಅವರ ಪ್ರಶ್ನೆ ಒಂದೇ: ‘ದುಡ್ಡು ಕಮ್ಮಿ ಇರಲಿ ಬಿಡು, ಬರುತ್ತೋ ಇಲ್ವೋ?’

ಇದು ನ್ಯಾಯವಾದ ಪ್ರಶ್ನೆ. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಮನೆ ಬಾಡಿಗೆ ಭತ್ಯೆ ಬೇರೆ. ಒಂಟಿ ಜೀವಕ್ಕೆ ಇದು ಸಾಕು. ತೊಂದರೆ ಇರುವುದು ಮೊತ್ತಕ್ಕಿಂತ ಹೆಚ್ಚಾಗಿ ಅದು ಬರುವ ರೀತಿಯಲ್ಲಿ. ತಿಂಗಳುಗಟ್ಟಲೆ ಫೆಲೋಶಿಪ್ ಬಾರದೆ ದೇಶದ ನಾನಾ ಕಡೆ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದದ್ದನ್ನು ಇದೇ ಪತ್ರಿಕೆಗಳಲ್ಲಿ ಓದಿದ್ದೇವೆ. ನಮ್ಮ ಸಂಬಳ ಮೂರು ದಿನ ತಡವಾದರೆ ಎಚ್‌ಆರ್‌ಗೆ ಇಮೇಲ್ ಹೋಗುತ್ತದೆ. ಸಾಲ ಮಾಡಿ ಓದಿಸಿದ ತಂದೆಗೆ ‘ಆಮೇಲೆ ಒಟ್ಟಿಗೆ ಬರುತ್ತದೆ’ ಎಂಬ ಮಾತು ಉತ್ತರವಾಗದು. ಇದ್ದವರ ಮಕ್ಕಳು ಹೇಗೋ ತಡೆದುಕೊಳ್ಳುತ್ತಾರೆ. ಹಿಂದೆ ಸರಿಯುವವರು ಇಲ್ಲದವರ ಮನೆಯ ಮಕ್ಕಳು. ಹೀಗೆ ಪ್ರತಿಭೆಯ ಪರೀಕ್ಷೆ ಆಗಬೇಕಿದ್ದದ್ದು ಜೇಬಿನ ಪರೀಕ್ಷೆಯಾಗುತ್ತಿದೆ.

‘ಬಡ ದೇಶಕ್ಕೆ ಇಂಥ ಕುತೂಹಲದ ಸಂಶೋಧನೆ ಏಕೆ, ನೇರ ಉಪಯೋಗದ್ದು ಮಾಡಲಿ’ ಎನ್ನುವವರೂ ಇದ್ದಾರೆ. ಕವಾಟದ ಕಥೆ ಅವರ ಪರವಾಗಿಯೇ ಇದೆ ಎನ್ನಿಸಬಹುದು. ಆದರೆ ಯಾವ ವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಯಾವ ಬಿಲ್ಲೆ ಎಷ್ಟು ಸವೆಯುತ್ತದೆ ಎಂಬುದು ಗೊತ್ತಿಲ್ಲದೆ ಕವಾಟ ಆಗುತ್ತಿರಲಿಲ್ಲ. ಬಿಲ್ಲೆ ಅಣುವಿನ ಕುತೂಹಲ ಇಲ್ಲದೆ ಆ ಫಿಲ್ಮೂ ಆಗುತ್ತಿರಲಿಲ್ಲ. ಉಪಯೋಗ ಎಂಬುದು ತಿಳಿವಳಿಕೆಯ ಮೇಲಿನ ಪದರ. ಕೆಳಗಿನದನ್ನು ಕಿತ್ತರೆ ಮೇಲಿನದು ನಿಲ್ಲುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಸರ್ಕಾರದ್ದು. ಫೆಲೋಶಿಪ್ಪನ್ನು ನೌಕರರ ಸಂಬಳದಂತೆ ನಿಗದಿತ ದಿನಕ್ಕೆ ಖಾತೆಗೆ ಹಾಕಬೇಕು. ಕೇಂದ್ರದ ಹಣ ತಡವಾದರೆ ಸಂಸ್ಥೆ ಮುಂಗಡವಾಗಿ ಕೊಡಲು ಒಂದು ಆವರ್ತ ನಿಧಿ ಇರಬೇಕು. ಬೆಂಗಳೂರಿನಂಥ ನಗರವನ್ನು ಇಟ್ಟುಕೊಂಡ ಕರ್ನಾಟಕ, ತನ್ನ ವಿಶ್ವವಿದ್ಯಾಲಯಗಳ ಮಟ್ಟಿಗಾದರೂ ಇದನ್ನು ಮಾಡಿ ದಾರಿ ತೋರಿಸಬಹುದು. ಇದಕ್ಕೆ ಬೇಕಿರುವುದು ಹೊಸ ತಂತ್ರಜ್ಞಾನವಲ್ಲ. ಲಕ್ಷಾಂತರ ನೌಕರರಿಗೆ ಕ್ಲಿಕ್ಕಿನಲ್ಲಿ ಸಂಬಳ ಹೋಗುವ ವ್ಯವಸ್ಥೆಗಳನ್ನು ಬರೆದವರು ನಮ್ಮವರೇ.

ಎರಡನೆಯದು ನಾವು ಕೆಲಸ ಮಾಡುವ ಕಂಪನಿಗಳದ್ದು. 2019ರ ತಿದ್ದುಪಡಿಯ ಪ್ರಕಾರ ಕಂಪನಿಗಳ ಸಿಎಸ್‌ಆರ್ ಹಣ ಸರ್ಕಾರಿ ಅನುದಾನದ ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳಿಗೂ ಹೋಗಬಹುದು. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ, ಇಂಥ ಆವರ್ತ ನಿಧಿಗೂ ಒಂದು ಪಾಲು ಕೊಡಿ ಎಂದು ಒಳಗಿರುವ ನಾವು ಕೇಳಬಹುದು. ಕೊಚ್ಚಿ, ಪುಣೆ, ಹೈದರಾಬಾದ್, ಎಲ್ಲಿದ್ದರೂ ಕೇಳಬಹುದು.

ಮೂರನೆಯದು ನಮ್ಮ ನಾಲಿಗೆಯದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದವರು. ಇತ್ತ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಿಂದ ಮಲಯಾಳದಲ್ಲಿ ವಿಜ್ಞಾನವನ್ನು ಹಳ್ಳಿಗಳಿಗೆ ಒಯ್ದಿದೆ. ಊರಿಗೆ ಹೋದಾಗ, ಮದುವೆ ಮನೆಯಲ್ಲಿ ‘ಪಿಎಚ್‌.ಡಿ. ಮಾಡಿ ಏನು ಸಿಗುತ್ತೆ’ ಎಂಬ ಮಾತು ಬಂದಾಗ, ನಕ್ಕು ಸುಮ್ಮನಾಗುವ ಬದಲು ಚಂದ್ರಶೇಖರ್ ಅವರ ಬಿಲ್ಲೆ ಅಣುವಿನ ಕಥೆಯನ್ನು ಕನ್ನಡದಲ್ಲಿ ಹೇಳುವಷ್ಟು ವಿಜ್ಞಾನ ನಮಗೆ ಬರಬೇಕು. ಓದಿಸಿದ ದುಡ್ಡಿನಲ್ಲಿ ಊರಿನವರ ತೆರಿಗೆಯೂ ಇದೆ.

ಚಿಕ್ಕಪ್ಪನಿಗೆ ನಾನು ಲೆಕ್ಕವನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿದೆ. ಐದು ವರ್ಷ ಹಿಡಿಯಬಹುದು, ತಡವಾಗುವ ತಿಂಗಳಿಗೆ ನಾನಿದ್ದೇನೆ ಎಂದೂ ಹೇಳಿದೆ. ತೀರ್ಮಾನ ತಂಗಿಯದು, ಅವಳಿಗೆ ಇನ್ನೂ ಕೆಲವು ದಿನ ಸಮಯವಿದೆ. ಆದರೆ ಪ್ರತಿಯೊಬ್ಬ ಹುಡುಗಿಗೂ ಕೊಚ್ಚಿಯಲ್ಲೊಬ್ಬ ಅಣ್ಣ ಇರುವುದಿಲ್ಲ. ಒಂದು ದೇಶದ ವಿಜ್ಞಾನ ಅಣ್ಣಂದಿರ ಸಾಲದ ಮೇಲೆ ನಡೆಯಲೂ ಬಾರದು. ಪ್ರಶಸ್ತಿ ಬಂದಾಗ ಶಾಲು ಹೊದಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಹೆಸರು ಬರುವ ಮೊದಲಿನ ಹತ್ತು ಹದಿನೈದು ವರ್ಷ, ತಿಂಗಳ ಕೊನೆಗೆ ಹಣ ತಲುಪಿಸುವುದನ್ನು ಇನ್ನಾದರೂ ಕಲಿಯೋಣ.