ಮೊದಲು ತಕ್ಕಡಿ, ಆಮೇಲೆ ಪ್ರೆಸ್ಸು

ಕೋವಿ ವಿಷಯ ಅಂತ ಮೂಗು ಮುರಿಯಬೇಡಿ. ಕೊಡಗಿನ ಮನೆಯಲ್ಲಿ ಬೆಳೆದವನಿಗೆ ಕೋವಿ ಹೊಸದೇನಲ್ಲ, ಕೈಲ್ ಪೊಳ್ದ್ ದಿನ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡೋದನ್ನು ನೋಡಿಕೊಂಡೇ ಬೆಳೆದೆ. ಆದರೆ ನಮಗೆ ತೋಟಾ ಅಂದರೆ ಅಂಗಡಿಯಿಂದ ಎಣಿಸಿ ತರೋ ವಸ್ತು. ಇಲ್ಲಿ ಅಮೆರಿಕದಲ್ಲಿ ಗುರಿ ಹೊಡೆಯೋ ಹುಚ್ಚಿನವರು ಅದನ್ನು ಗ್ಯಾರೇಜಿನಲ್ಲಿ ತಾವೇ ತುಂಬಿಕೊಳ್ತಾರೆ, ಉಪ್ಪಿನಕಾಯಿ ಹಾಕಿದ ಹಾಗೆ. ಹೊಡೆದು ಬಿದ್ದ ಹಿತ್ತಾಳೆ ಕೇಸನ್ನು ಹೆಕ್ಕಿ, ಹಳೇ ಪ್ರೈಮರ್ ತೆಗೆದು, ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಒತ್ತೋದು. ಇಷ್ಟೇ ಕೆಲಸ.

ಹೊಸದಾಗಿ ಶುರು ಮಾಡೋ ನಮ್ಮ ಸಾಫ್ಟ್‌ವೇರ್ ಮಂದಿಯ ಕಣ್ಣು ನೇರ ಹೋಗೋದು ಪ್ರೊಗ್ರೆಸಿವ್ ಪ್ರೆಸ್ಸಿನ ಮೇಲೆ. ಹಿಡಿ ಒಂದು ಸಲ ಎಳೆದರೆ ನಾಲ್ಕೈದು ಕೇಸಿನ ಮೇಲೆ ಒಟ್ಟಿಗೇ ಕೆಲಸ ನಡೆಯುತ್ತೆ, ಗಂಟೆಗೆ ನಾನ್ನೂರಕ್ಕೂ ಮೇಲೆ ತೋಟಾ ಉದುರುತ್ತೆ. ಸಿಂಗಲ್ ಸ್ಟೇಜ್ ಪ್ರೆಸ್ಸಿನಲ್ಲಿ ಐವತ್ತು, ಬಹಳ ಅಂದ್ರೆ ನೂರು. ಪೈಪ್‌ಲೈನ್ ಪಾಠ ಓದಿದವನಿಗೆ ಯಾವುದು ಇಷ್ಟವಾಗತ್ತೆ ಅಂತ ಬೇರೆ ಹೇಳಬೇಕಾ? :-)

ನನ್ನ ಮಾತು ಇದಕ್ಕೆ ತದ್ವಿರುದ್ಧ. ಮೊದಲ ದುಡ್ಡು ಪುಸ್ತಕಕ್ಕೆ ಮತ್ತು ತಕ್ಕಡಿಗೆ. ಲೈಮನ್, ಹಾರ್ನಡಿ ಥರದ ಮ್ಯಾನ್ಯುಯಲ್ ಒಂದಲ್ಲ, ಎರಡು ಇರಲಿ, ಒಂದರ ಅಂಕಿಯನ್ನು ಇನ್ನೊಂದರಲ್ಲಿ ತಾಳೆ ನೋಡಬೇಕು. ಮದ್ದನ್ನು ಅಳೆಯೋದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ತಕ್ಕಡಿ ತೋರಿಸಬೇಕಾದ್ದು ಅದರ ಹತ್ತನೇ ಒಂದು ಭಾಗ. ಅಗ್ಗದ ಡಿಜಿಟಲ್ ತಕ್ಕಡಿ ಗಾಳಿಗೂ ಅಲ್ಲಾಡುತ್ತೆ. ಹಳೇ ಕಾಲದ ಬೀಮ್ ತಕ್ಕಡಿ ನಿಧಾನ, ಆದರೆ ಬ್ಯಾಟರಿ ಇಳಿದು ಸುಳ್ಳು ಹೇಳಲ್ಲ. ಯಾವುದೇ ಆಗಲಿ, ಚೆಕ್ ಮಾಡೋ ಬಟ್ಟು ಜೊತೆಗಿರಲೇಬೇಕು. ಉದ್ದ ಅಳೆಯೋಕೆ ಒಂದು ಕ್ಯಾಲಿಪರ್ ಕೂಡ.

ಇಷ್ಟು ಹಟ ಯಾಕೆ ಅಂದ್ರೆ, 9 ಎಂಎಂ ಕೇಸಿಗೆ ಬೇಗ ಉರಿಯೋ ಮದ್ದು ಎಷ್ಟೋ ಸಲ ಅರ್ಧದಷ್ಟೂ ತುಂಬಲ್ಲ. ಎರಡು ಸಲ ಬಿದ್ದರೂ ಹೊರಗೆ ಚೆಲ್ಲಲ್ಲ, ಗೊತ್ತೇ ಆಗಲ್ಲ. ಕೈಯಲ್ಲಿರೋ ಕೋವಿ ಸಿಡಿಯೋಕೆ ಅಷ್ಟು ಸಾಕು. ಮದ್ದು ಬೀಳದೇ ಹೋದರೆ ಇನ್ನೊಂದು ಕಥೆ: ಬರೀ ಪ್ರೈಮರ್ ತಳ್ಳಿದ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತೆ, ಹಿಂದಿನಿಂದ ಮುಂದಿನ ಗುಂಡು ಬರುತ್ತೆ. ಸಿಂಗಲ್ ಸ್ಟೇಜಿನಲ್ಲಿ ಐವತ್ತು ಕೇಸನ್ನು ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು ಎಲ್ಲದರೊಳಗೂ ಇಣುಕಿ, ಆಮೇಲೆ ಗುಂಡು ಕೂರಿಸಬಹುದು. ಇದನ್ನು ಕಲಿಸೋಕೆ ಲೀ ಕಂಪನಿಯ ಸಣ್ಣ ಪ್ರೆಸ್ಸೇ ಸಾಕು. ಮುಂದೆ ಡಿಲನ್ ತಗೊಂಡರೂ ಹಳೇದು ಮೂಲೆ ಸೇರಲ್ಲ, ರೈಫಲ್ ತೋಟಾಗೆ ಬೇಕಾಗುತ್ತೆ.

"ದುಡ್ಡು ಉಳಿಯುತ್ತಾ?" ಅಂತ ಕೇಳೋರಿಗೆ: 9 ಎಂಎಂನಲ್ಲಿ ಅಂಥಾದ್ದೇನಿಲ್ಲ. ಪ್ರೈಮರ್, ಮದ್ದು ತರಿಸಿದರೆ ಅಪಾಯಕಾರಿ ಸರಕು ಅಂತ ಬೇರೆ ಫೀಸು ಹಾಕ್ತಾರೆ. 2020-21ರಲ್ಲಂತೂ ಪ್ರೈಮರ್ ಸಿಗೋದೇ ಕಷ್ಟವಾಗಿತ್ತು.

ವೀಸಾದಲ್ಲಿರೋ ಗೆಳೆಯರೇ, ಕಾರ್ಟಿಗೆ ಹಾಕೋ ಮುಂಚೆ ಒಂದು ನಿಮಿಷ. ಇಲ್ಲಿಯ ಫೆಡರಲ್ ಕಾನೂನು ನಾನ್-ಇಮಿಗ್ರಂಟ್ ವೀಸಾದವರಿಗೆ ಕೋವಿಯನ್ನೂ ಮದ್ದುಗುಂಡನ್ನೂ ಇಟ್ಟುಕೊಳ್ಳೋಕೆ ಬಿಡಲ್ಲ. ಇರೋ ಕೆಲವೇ ವಿನಾಯಿತಿಗಳಲ್ಲಿ ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಒಂದು. ಕಾನೂನಿನ ಲೆಕ್ಕದಲ್ಲಿ ಮದ್ದುಗುಂಡು ಅಂದರೆ ಪೂರ್ತಿ ತೋಟಾ ಮಾತ್ರ ಅಲ್ಲ, ಬಿಡಿ ಪ್ರೈಮರ್, ಮದ್ದು, ಗುಂಡು, ಕೇಸು ಕೂಡ. ನಾನು ಬೇಟೆ ಲೈಸೆನ್ಸ್ ಕೈಗೆ ಬರೋವರೆಗೆ ಪುಸ್ತಕ ಮಾತ್ರ ಇಟ್ಕೊಂಡಿದ್ದೆ.

ಇನ್ನು ಕೇಸು ತೊಳೆಯೋದು. ಪ್ರೈಮರಿನಲ್ಲಿ ಸೀಸ ಇರುತ್ತೆ, ಒಣ ಟಂಬ್ಲರಿನ ಧೂಳಿನಲ್ಲೂ ಅದೇ. ಮನೆಯಲ್ಲಿ ಅಂಬೆಗಾಲಿಡೋ ಮಗು ಇದ್ದರೆ ಒಣ ಟಂಬ್ಲರ್ ಮನೆಯೊಳಗೆ ಬೇಡವೇ ಬೇಡ, ನೀರಿನದು ತಗೊಳ್ಳಿ. ಮೇಜಿನ ಹತ್ತಿರ ಕಾಫಿ ಲೋಟನೂ ಬೇಡ.