ಚನ್ನಪಟ್ಟಣದ ಬೊಂಬೆ ಮತ್ತು ಪರದೇಶದ ಪೇಟೆ

ಸಣ್ಣ ಉದ್ದಿಮೆಯೊಂದನ್ನು ನಡೆಸುವವನು ತನ್ನ ಸರಕನ್ನು ಪರದೇಶಕ್ಕೆ ಕಳುಹಿಸಬೇಕೆಂದು ಸಂಕಲ್ಪಿಸಿ ಬಲ್ಲವರ ಬಳಿಗೆ ಹೋದರೆ, ಅವನಿಗೆ ದೊರೆಯುವ ಉಪದೇಶದ ಬಹುಪಾಲು ಕಾಗದಪತ್ರಗಳ ವಿಷಯವಾಗಿಯೇ ಇರುತ್ತದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಐಇಸಿ ಸಂಖ್ಯೆಯನ್ನು ಪಡೆಯಬೇಕು. ಬ್ಯಾಂಕಿನ ಎಡಿ ಕೋಡನ್ನು ಕಸ್ಟಮ್ಸ್ ಇಲಾಖೆಯಲ್ಲಿ ನೋಂದಾಯಿಸಬೇಕು. ತೆರಿಗೆ ಕಟ್ಟದೆ ಸರಕು ಸಾಗಿಸುವುದಕ್ಕಾಗಿ ಜಿಎಸ್‌ಟಿ ಇಲಾಖೆಗೆ ಮುಚ್ಚಳಿಕೆ ಬರೆದುಕೊಡಬೇಕು. ರಫ್ತು ಉತ್ತೇಜನ ಮಂಡಳಿಯೊಂದರ ಸದಸ್ಯನಾಗಬೇಕು. ಇವೆಲ್ಲವೂ ಆವಶ್ಯಕವೇ ಸರಿ. ಆದರೆ ಇವನ್ನು ಪಡೆದುಕೊಂಡ ಮಾತ್ರಕ್ಕೆ ಒಬ್ಬನು ರಫ್ತಿಗೆ ಸಿದ್ಧನಾದನೆಂದು ತಿಳಿಯುವುದು ಸಮಂಜಸವಲ್ಲ. ನಿಜವಾದ ಸಿದ್ಧತೆ ನಡೆಯತಕ್ಕದ್ದು ಕಾರ್ಯಾಗಾರದ ಒಳಗೆ. ಮತ್ತು ಅದರ ಭಾರವನ್ನು ಸಣ್ಣ ಕುಶಲಕರ್ಮಿಯು ಒಬ್ಬಂಟಿಯಾಗಿ ಹೊರಲಾರನು, ಊರಿನವರೆಲ್ಲ ಕೂಡಿ ಹೊರಬೇಕು ಎಂಬ ಅಭಿಪ್ರಾಯ, ಚನ್ನಪಟ್ಟಣದ ಬೊಂಬೆಗಳನ್ನು ಕುರಿತು ಯೋಚಿಸಿದಷ್ಟೂ, ನನ್ನಲ್ಲಿ ದೃಢವಾಗುತ್ತ ಬಂದಿದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಾದಿಯಲ್ಲಿರುವ ಈ ಊರಿನ ಕಸುಬನ್ನು ಬಣ್ಣಿಸಬೇಕಾದ ಅಗತ್ಯವೇನೂ ಕನ್ನಡಿಗರಿಗಿಲ್ಲ. ಹಾಲೆಯ ಬಿಳಿಯ ಮೃದುವಾದ ಮರವನ್ನು ಒಣಗಿಸಿ, ತಿರುಗಣಿಗೆ ಏರಿಸಿ, ಉಳಿಯಿಂದ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೈಯನ್ನು ಹೊದೆಯುತ್ತದೆ. ಬಳಿಕ ಕೇದಗೆಯ ಗರಿಯಿಂದ ತಿಕ್ಕಿದಾಗ ಬೇರಾವ ಲೇಪದಿಂದಲೂ ಬಾರದ ಹೊಳಪೊಂದು ಬರುತ್ತದೆ. ಅರಿಶಿನ, ನೀಲಿ ಮೊದಲಾದ ಸಸ್ಯಜನ್ಯ ವರ್ಣಗಳನ್ನು ಅರಗಿಗೆ ಬೆರೆಸುವ ಪದ್ಧತಿ ಇಲ್ಲಿ ಉಂಟು. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಇದಕ್ಕಿಂತ ಯೋಗ್ಯವಾದ ಹೊದಿಕೆ ಯಾವುದು ಎಂದು ನಾವು ಅಭಿಮಾನದಿಂದ ಕೇಳುತ್ತೇವೆ. ಹಾಗೆ ಕೇಳುವ ಹಕ್ಕೂ ನಮಗುಂಟು.

ಆದರೆ ಹೊರಗಿನ ಪೇಟೆ ಅಭಿಮಾನವನ್ನು ಕೇಳುವುದಿಲ್ಲ, ಪ್ರಮಾಣವನ್ನು ಕೇಳುತ್ತದೆ. 2007ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳ ಬಣ್ಣದಲ್ಲಿ ಸೀಸವಿದ್ದುದು ಬಯಲಾಗಿ, ಹೆಸರಾಂತ ಕಂಪನಿಗಳೇ ತಮ್ಮ ಸರಕನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕಾಗಿ ಬಂದ ಮೇಲೆ, ಅಮೆರಿಕ ದೇಶವು 2008ರಲ್ಲಿ ಕಠಿಣವಾದ ಕಾನೂನನ್ನು ಮಾಡಿತು. ಅದರ ಪ್ರಕಾರ ಮಕ್ಕಳ ವಸ್ತುವಿನ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರುವಂತಿಲ್ಲ. ಯೂರೋಪಿನ ಒಕ್ಕೂಟವು 2009ರಲ್ಲಿ ತನ್ನ ಆಟಿಕೆ ಸುರಕ್ಷತೆಯ ನಿರ್ದೇಶನವನ್ನು ಹೊಸದಾಗಿ ರಚಿಸಿತು. ಲೇಪದಿಂದ ಯಾವ ಯಾವ ಧಾತುಗಳು ಎಷ್ಟೆಷ್ಟು ಹೊರಬೀಳಬಹುದು, ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕುವಂಥ ಚಿಕ್ಕ ಭಾಗ ಕಳಚಿಕೊಳ್ಳುತ್ತದೆಯೇ, ಬೆಂಕಿ ಎಷ್ಟು ಬೇಗ ಹತ್ತುತ್ತದೆ ಎಂಬುದನ್ನೆಲ್ಲ ಇಎನ್ 71 ಎಂಬ ಮಾನಕವು ನಿಷ್ಕರ್ಷಿಸುತ್ತದೆ. ತಯಾರಕನು ಈ ಪರೀಕ್ಷೆಗಳ ದಾಖಲೆಯನ್ನು 10 ವರ್ಷ ಕಾಪಾಡಿಕೊಂಡಿರಬೇಕೆಂಬ ವಿಧಿಯೂ ಆ ನಿರ್ದೇಶನದಲ್ಲಿದೆ. ಈ ನಿಯಮಗಳನ್ನು ಪರದೇಶೀಯರ ಅಡ್ಡಗೋಡೆಯೆಂದು ದೂಷಿಸುವವರೊಡನೆ ನನಗೆ ಸಹಮತವಿಲ್ಲ. ಎಲ್ಲಿಯ ಮಗುವಾದರೂ ಮಗುವೇ.

ಇಲ್ಲಿ ನಮ್ಮ ದೇಶದ ಒಂದು ಔದಾರ್ಯದ ವಿಷಯವನ್ನೂ ಹೇಳಬೇಕು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಚನ್ನಪಟ್ಟಣದಂತೆ ಭೌಗೋಳಿಕ ಸೂಚಿಯನ್ನು ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ವಿನಾಯಿತಿ ದೊರೆಯಿತು. ಅದು ನ್ಯಾಯವಾದದ್ದು, ಇಲ್ಲವಾದರೆ ಎಷ್ಟೋ ತಿರುಗಣಿಗಳು ಅಂದೇ ನಿಲ್ಲುತ್ತಿದ್ದವು. ಆದರೆ ಸ್ವದೇಶದಲ್ಲಿ ಪರೀಕ್ಷೆಯ ರೂಢಿಯೇ ಇಲ್ಲದ ಕಾರ್ಯಾಗಾರಕ್ಕೆ ಪರದೇಶದ ಬೇಡಿಕೆ ಬಂದ ದಿನ ಎಲ್ಲವೂ ಒಮ್ಮೆಗೇ ಎದುರಾಗುತ್ತದೆ. ಭೌಗೋಳಿಕ ಸೂಚಿಯ ರಕ್ಷಣೆ ಸಹ ನಮ್ಮ ಗಡಿಯೊಳಗಿನದು. ಹೊರಗೆ ಆಯಾ ದೇಶದಲ್ಲಿ ಬೇರೆಯಾಗಿ ನೋಂದಾಯಿಸಿಕೊಳ್ಳದ ಹೊರತು ಚನ್ನಪಟ್ಟಣವೆಂಬ ಹೆಸರು ತಾನಾಗಿ ಕಾಪಾಡಲಾರದು.

ಹಾಗಾದರೆ ಸಿದ್ಧತೆ ಎಂದರೇನು? ಗಿರಾಕಿಗೆ ಕಳುಹಿಸುವ ಮೊದಲ ಮಾದರಿಯನ್ನು ಊರಿನ ಅತ್ಯಂತ ನುರಿತ ಕೈಯೇ ಕಡೆದಿರುತ್ತದೆ, ಅದು ಸರ್ವಾಂಗಸುಂದರವಾಗಿಯೂ ಇರುತ್ತದೆ. ಪ್ರಶ್ನೆ ಬರುವುದು ಸಾವಿರದನೆಯ ಬೊಂಬೆಯಲ್ಲಿ. ಮಾದರಿಗೆ ಬಳಸಿದ ಅರಗು ಮುಗಿದು, ಇನ್ನೊಂದು ಅಂಗಡಿಯಿಂದ ತಂದ ಹಳದಿ ಪುಡಿಯನ್ನು ಬೆರೆಸಿದ್ದರೆ, ಪರೀಕ್ಷೆಯ ವರದಿ ಒಂದು ವಸ್ತುವಿನದು, ಪೆಟ್ಟಿಗೆಯಲ್ಲಿರುವುದು ಮತ್ತೊಂದು ವಸ್ತು ಎಂದಾಗುತ್ತದೆ. ಮರದ ವಿಷಯವೂ ಹಾಗೆಯೇ. ನಮ್ಮ ಹವೆಗೆ ಸಾಕಷ್ಟು ಒಣಗಿದಂತೆ ಕಾಣುವ ಮರ, ಚಳಿಗಾಲದುದ್ದಕ್ಕೂ ಬಿಸಿಮಾಡಿದ ಯೂರೋಪಿನ ಮನೆಯ ಶುಷ್ಕವಾದ ಗಾಳಿಯಲ್ಲಿ ಇನ್ನೂ ತೇವವನ್ನು ಕಳೆದುಕೊಂಡು ಕುಗ್ಗುತ್ತದೆ; ಆಗ ಗೂಟ ಸಡಿಲವಾಗಿ ಚಕ್ರ ಕಳಚುತ್ತದೆ, ಲೇಪ ಬಿರಿಯುತ್ತದೆ, ಇಲ್ಲಿ ಇಡಿಯಾಗಿದ್ದ ಬೊಂಬೆ ಅಲ್ಲಿ ಮಗುವಿಗೆ ಅಪಾಯಕರವಾದ ತುಂಡುಗಳಾಗುತ್ತದೆ. ಆದುದರಿಂದ ತೇವವನ್ನು ಅಳೆಯುವ ಉಪಕರಣ, ಯಾವ ದಿನದ ಮರ ಯಾವ ದಿನದ ಅರಗಿನೊಡನೆ ಕೂಡಿ ಯಾವ ಪೆಟ್ಟಿಗೆಗೆ ಹೋಯಿತೆಂದು ಬರೆದಿಡುವ ಪುಸ್ತಕ, ಕಣ್ಣಳತೆಗೆ ಬದಲಾಗಿ ಅಳತೆಪಟ್ಟಿ, ಇವು ಕುಶಲತೆಗೆ ಅವಮಾನವಲ್ಲ. ಆ ಕುಶಲತೆಯನ್ನು ಕಾಣದ ದೂರದವನೂ ಅದನ್ನು ನಂಬುವಂತೆ ಮಾಡುವ ಸಾಧನಗಳು. ಸರಕನ್ನು ಮರದ ಪೆಟ್ಟಿಗೆಯಲ್ಲಿ ತುಂಬುವುದಾದರೆ ಆ ಪೆಟ್ಟಿಗೆಯ ಹಲಗೆಯೂ ತಿರುಳಿನವರೆಗೆ 56 ಡಿಗ್ರಿಯ ಶಾಖದಲ್ಲಿ 30 ನಿಮಿಷ ಬೆಂದು ಮುದ್ರೆ ಪಡೆಯುವುದೋ, ಅದಕ್ಕೆ ಸಮನಾದ ಬೇರೊಂದು ಸಂಸ್ಕಾರಕ್ಕೆ ಒಳಪಡುವುದೋ ಅಗತ್ಯ. ಇಲ್ಲದಿದ್ದರೆ ಬೊಂಬೆ ನಿರ್ದೋಷವಾಗಿದ್ದರೂ ಬಂದರಿನಲ್ಲಿ ತಡೆಯಾಗಬಹುದು.

ಪರೀಕ್ಷೆಯ ವೆಚ್ಚ ಬಣ್ಣಕ್ಕೊಂದರಂತೆ ಬೀಳುತ್ತದೆಯೇ ಹೊರತು ಬೊಂಬೆಗೊಂದರಂತೆ ಅಲ್ಲ. ಲಕ್ಷ ಬೊಂಬೆ ಮಾಡುವ ಕಾರ್ಖಾನೆಗೆ ಅದು ಗಣನೆಗೆ ಬಾರದ ಖರ್ಚು. ಮುನ್ನೂರು ಬೊಂಬೆ ಮಾಡುವ ಮನೆಗೆ ಅದೇ ಲಾಭವನ್ನೆಲ್ಲ ನುಂಗುವ ಖರ್ಚು. ಇದಕ್ಕೆ ಪರಿಹಾರ ಒಬ್ಬೊಬ್ಬರಿಗೂ ಸಹಾಯಧನ ಹಂಚುವುದೆಂದು ನನಗೆ ತೋರುವುದಿಲ್ಲ. ಅರಗಿನ ಕಡ್ಡಿಯನ್ನು ಒಂದೇ ಸ್ಥಳದಲ್ಲಿ, ಒಂದೇ ಪಾಕದಲ್ಲಿ ತಯಾರಿಸಿ, ಪ್ರತಿ ಪಾಕಕ್ಕೂ ಸಂಖ್ಯೆ ಕೊಟ್ಟು, ಒಮ್ಮೆ ಪರೀಕ್ಷೆ ಮಾಡಿಸಿ, ಊರಿನ ಎಲ್ಲ ತಿರುಗಣಿಗಳಿಗೂ ಒದಗಿಸಿದರೆ, ಲೇಪದ ಪರೀಕ್ಷೆಯ ವೆಚ್ಚ ಹತ್ತಾರು ಮನೆಗಳಿಗೆ ಹಂಚಿಹೋಗುತ್ತದೆ. ಘಟಕಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಆ ವರದಿಯನ್ನು ಆಧಾರವಾಗಿಟ್ಟುಕೊಳ್ಳಲು ಅಮೆರಿಕದ ನಿಯಮಗಳಲ್ಲಿಯೇ ಅವಕಾಶವಿದೆ. ಆಕಾರಕ್ಕೆ ಸಂಬಂಧಿಸಿದ ಪರೀಕ್ಷೆ ಮಾತ್ರ ಆಯಾ ಬೊಂಬೆಗೆ ಬೇರೆಯಾಗಿ ಉಳಿಯುತ್ತದೆ.

ಬೆಲೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಪರದೇಶದ ಅಂಗಡಿಯಲ್ಲಿ ಕಂಡ ಬೆಲೆಯಿಂದ ವರ್ತಕನ ಪಾಲು, ಸುಂಕ, ಹಡಗಿನ ಬಾಡಿಗೆ, ವಿಮೆಗಳನ್ನು ಕಳೆಯುತ್ತ ಹಿಂದಕ್ಕೆ ಬಂದು, ಉಳಿದುದರಲ್ಲಿ ಕಡೆಯುವವನ ಕೂಲಿ ಹುಟ್ಟುತ್ತದೆಯೇ ಎಂದು ನೋಡಿದ ಮೇಲೆಯೇ ಒಪ್ಪಿಗೆ ಕೊಡತಕ್ಕದ್ದು. ಹಣ ಬಾರದಿರುವ ಭಯಕ್ಕೆ 1957ರಲ್ಲಿ ಸ್ಥಾಪಿತವಾದ ರಫ್ತು ಸಾಲ ಖಾತರಿ ನಿಗಮದ ವಿಮೆ ಇದೆ.

ಒಬ್ಬನೇ ಗಿರಾಕಿಯನ್ನು, ಒಂದೇ ದೇಶವನ್ನು ನೆಚ್ಚುವುದರ ಅಪಾಯವನ್ನು ಮೈಸೂರು ಸಂಸ್ಥಾನ ಹಿಂದೆಯೇ ಅನುಭವಿಸಿತ್ತು. ನಮ್ಮ ಶ್ರೀಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲದಲ್ಲಿ, 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ಮಾರ್ಗ ಮುಚ್ಚಿಹೋಯಿತು. ಆಗ ಸಂಸ್ಥಾನವು ಬೆಂಗಳೂರಿನ ವಿಜ್ಞಾನ ಮಂದಿರದ ರಸಾಯನಜ್ಞರ ನೆರವನ್ನು ಪಡೆದು ಎಣ್ಣೆ ತೆಗೆಯುವ ಕಾರ್ಖಾನೆಯನ್ನೇ ಸ್ಥಾಪಿಸಿತು. ಅದನ್ನು ಒಬ್ಬೊಬ್ಬ ವರ್ತಕನ ಪ್ರಯತ್ನಕ್ಕೆ ಬಿಟ್ಟಿರಲಿಲ್ಲವೆಂಬುದು ಗಮನಾರ್ಹ. 2025ರ ಆಗಸ್ಟಿನಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲೆ ಶೇಕಡ 50ರಷ್ಟು ಸುಂಕ ಹೇರಿದಾಗ, ಆ ದೇಶವೊಂದನ್ನೇ ನೆಚ್ಚಿದ ಸಣ್ಣ ಉದ್ದಿಮೆಗಾರರ ಹಿಂದೆ ಅಂಥ ಬೆಂಬಲವಿರಲಿಲ್ಲ.

ಚನ್ನಪಟ್ಟಣಕ್ಕೆ ಈಗ ಬೇಕಾದುದು ಮತ್ತೊಂದು ಮಾರ್ಗದರ್ಶನ ಶಿಬಿರವಲ್ಲ. ಅರಗಿನ ಪಾಕಶಾಲೆಯೊಂದು, ಮರ ಒಣಗಿಸುವ ಕುಲುಮೆಯೊಂದು, ದಾಖಲೆ ಬರೆಯಲು ಸಂಬಳ ಪಡೆಯುವ ಇಬ್ಬರು ಗುಮಾಸ್ತರು. ಇವನ್ನು ಕುಶಲಕರ್ಮಿಗಳ ಸಹಕಾರ ಸಂಘ ನಡೆಸಲಿ, ಮೊದಲ ಮೂರು ವರ್ಷಗಳ ಪರೀಕ್ಷೆಯ ವೆಚ್ಚವನ್ನು ಸರ್ಕಾರ ಕೊಡಲಿ, ನಾಲ್ಕನೆಯ ವರ್ಷದಿಂದ ಕಡ್ಡಿಯ ಬೆಲೆಯಲ್ಲಿಯೇ ಅದನ್ನು ಸೇರಿಸಲಿ.